ಹೊಸ ಹಾಡಿನ ಜೊತೆ ಹಳೆಯ ಆಲ್ಬಂಗಳ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಈ ತಿಂಗಳು ಕೇಳಲೇಬೇಕಾದ ಹತ್ತು ಹಾಡು ಅಂತ ಒಂದು ಪಟ್ಟಿ ಹಾಕಿದ್ದಿರಿ. ಹತ್ತನ್ನೂ ಕೇಳಿದೆ. ಮೂರು ತುಂಬಾ ಹಿಡಿಸಿದವು. ಒಂದಂತೂ ಎರಡು ದಿನ ಬಾಯಿ ಬಿಟ್ಟು ಹೋಗಲಿಲ್ಲ. ಆದರೆ ಆ ಹಾಡುಗಳನ್ನು ಮಾಡಿದವರು ಯಾರು, ಇದಕ್ಕೂ ಮುಂಚೆ ಏನೇನು ಹಾಡಿದ್ದರು, ಎಲ್ಲಿಂದ ಶುರು ಮಾಡಿ ಇಲ್ಲಿಗೆ ಬಂದರು ಅನ್ನುವ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಹೋದ ವರ್ಷ ಮಳೆಗಾಲದಲ್ಲಿ ನನಗೆ ಚಿಕೂನ್‌ಗುನ್ಯಾ ಬಂತು. ಜ್ವರ ಒಂದು ವಾರದಲ್ಲಿ ಬಿಟ್ಟಿತು, ಗಂಟುನೋವು ಬಿಡಲಿಲ್ಲ. ಬೆಳಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ, ಕಾಫಿ ಲೋಟ ಹಿಡಿಯಲು ಎರಡೂ ಕೈ ಬೇಕಿತ್ತು. ನಮ್ಮದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಬೆರಳೇ ಬಗ್ಗದಿದ್ದರೆ ಅಂಗಡಿಗೆ ಹೋಗಿ ಏನು ಮಾಡೋದು? ಮನೆಯವಳೇ ಅಂಗಡಿ ನೋಡಿಕೊಂಡಳು. ನಾನು ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಫ್ಯಾನ್ ನೋಡುತ್ತಾ ಮಲಗಿದೆ. ನಾಲ್ಕು ತಿಂಗಳು.

ಬೆಂಗಳೂರಿನಿಂದ ಮಗಳು ನೋಡಲು ಬಂದಳು. ಎರಡನೇ ದಿನ ಅವಳು ತನ್ನ ಫೋನನ್ನು ಒಂದು ಸ್ಟೀಲ್ ಡಬರಿಯೊಳಗೆ ನಿಲ್ಲಿಸಿ, ನನ್ನ ತಲೆಯ ಹತ್ತಿರ ಇಟ್ಟು, "ಅಪ್ಪ, ಸುಮ್ನೆ ಹೀಗೇ ಬಿದ್ಕೊಂಡಿರಬೇಡ, ಇದನ್ನ ಕೇಳು" ಅಂದಳು. ಡಬರಿಯಲ್ಲಿಟ್ಟರೆ ಫೋನಿನ ಸದ್ದು ದೊಡ್ಡದಾಗಿ ಕೇಳುತ್ತೆ, ನಮ್ಮನೆಯಲ್ಲಿ ಅದೇ ಸ್ಪೀಕರ್. ಶುರುವಿನಲ್ಲಿ ಒಬ್ಬ ಹುಡುಗನ ದನಿ, ಒಂದು ಗಿಟಾರ್, ಅಷ್ಟೇ. ಪಕ್ಕದಲ್ಲಿ ಕೂತು ಯಾರಿಗೂ ಕೇಳಿಸದ ಹಾಗೆ ಮಾತಾಡುತ್ತಿದ್ದಾನೇನೋ ಅನ್ನಿಸುವಷ್ಟು ಮೆಲ್ಲಗೆ. ಆಮೇಲೆ ಒಂದೊಂದೇ ವಾದ್ಯ ಒಳಗೆ ಬಂತು. ಡ್ರಮ್ ಬರುವ ಹೊತ್ತಿಗೆ ನಾನು ಫ್ಯಾನ್ ನೋಡುವುದನ್ನು ಬಿಟ್ಟಿದ್ದೆ.

ಆ ಬ್ಯಾಂಡಿನ ಹೆಸರು ಬೆಲ್ ಅಂಡ್ ಸೆಬಾಸ್ಟಿಯನ್. ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನವರು. ಹೆಸರು ಒಂದು ಫ್ರೆಂಚ್ ಕಥೆಯಿಂದ ಬಂದದ್ದು. ಅದರಲ್ಲಿ ಸೆಬಾಸ್ಟಿಯನ್ ಒಬ್ಬ ಹುಡುಗ, ಬೆಲ್ ಅವನ ನಾಯಿ. ಆವತ್ತು ನಾನು ಕೇಳಿದ್ದು 'ದಿ ಸ್ಟೇಟ್ ಐ ಆಮ್ ಇನ್', ಅವರ ಮೊದಲ ಆಲ್ಬಂನ ಮೊದಲ ಹಾಡು. ಮಗಳು ಗೊತ್ತಿದ್ದೇ ಅಲ್ಲಿಂದ ಶುರು ಮಾಡಿದ್ದಳು. "ಇವರದ್ದು ಆರಿಸಿ ಆರಿಸಿ ಕೇಳಬೇಡ, ಬಂದ ಕ್ರಮದಲ್ಲೇ ಕೇಳು, ಹೇಗಿದ್ರೂ ನಿನಗೆ ಟೈಮ್ ಇದೆಯಲ್ಲ" ಅಂದಳು. ಟೈಮ್ ಇತ್ತು. ಕೇಳಿದೆ.

ಮೊದಲ ಆಲ್ಬಂ ಹುಟ್ಟಿದ ಬಗೆಯನ್ನೇ ನೋಡಿ. ಈ ಬ್ಯಾಂಡಿಗೆ ಹಾಡು ಬರೆದು ಹಾಡುವ ಸ್ಟುವರ್ಟ್ ಮರ್ಡಾಕ್ ಅಂತ ಒಬ್ಬರು, ಸ್ಟುವರ್ಟ್ ಡೇವಿಡ್ ಅಂತ ಇನ್ನೊಬ್ಬರು. ಇಬ್ಬರಿಗೂ ಕೆಲಸ ಇಲ್ಲ. ಕೆಲಸ ಇಲ್ಲದ ಸಂಗೀತಗಾರರಿಗೆ ಅಂತ ಸರ್ಕಾರ ನಡೆಸುತ್ತಿದ್ದ ಬೀಟ್‌ಬಾಕ್ಸ್ ಅನ್ನುವ ತರಬೇತಿಯಲ್ಲಿ ಅವರಿಬ್ಬರ ಪರಿಚಯವಾಯಿತು. ಅದೇ ಊರಿನ ಸ್ಟೋ ಕಾಲೇಜಿನಲ್ಲಿ ಸಂಗೀತದ ವ್ಯಾಪಾರ ಕಲಿಸುವ ಒಂದು ಕೋರ್ಸ್ ಇತ್ತು. ನಮ್ಮ ಐಟಿಐಗಳಲ್ಲಿ ಹುಡುಗರ ಕೈಗೆ ಲೇತ್ ಕೊಟ್ಟು ಕೆಲಸ ಕಲಿಸುವುದಿಲ್ಲವಾ, ಹಾಗೇ ಅಲ್ಲಿನ ವಿದ್ಯಾರ್ಥಿಗಳು ಪ್ರತಿ ವರ್ಷ ಯಾವುದಾದರೂ ಒಂದು ಬ್ಯಾಂಡಿನ ರೆಕಾರ್ಡನ್ನು ತಾವೇ ಹೊರತಂದು ಕೆಲಸ ಕಲಿಯುತ್ತಿದ್ದರು. ಎಲೆಕ್ಟ್ರಿಕ್ ಹನಿ ಅಂತ ಅವರದೇ ಒಂದು ಲೇಬಲ್, ಅಂದರೆ ರೆಕಾರ್ಡ್ ಹೊರತರುವ ಸಂಸ್ಥೆ. ಸಾಮಾನ್ಯವಾಗಿ ಒಂದು ಸಿಂಗಲ್, ಅಂದರೆ ಒಂದೆರಡು ಹಾಡಿನ ರೆಕಾರ್ಡ್ ತರುತ್ತಿದ್ದರು. ಆದರೆ ಮರ್ಡಾಕ್ ಹತ್ತಿರ ಹಾಡುಗಳ ರಾಶಿಯೇ ಇತ್ತು. ಹಾಗಾಗಿ ಪೂರ್ತಿ ಆಲ್ಬಂ ಮಾಡಿದರು, ಅದೂ ಕೆಲವೇ ದಿನಗಳಲ್ಲಿ. ಅದೇ 'ಟೈಗರ್‌ಮಿಲ್ಕ್'. 1996ರ ಜೂನ್‌ನಲ್ಲಿ ಬಂತು, ಬರೀ ಎಲ್‌ಪಿ ರೆಕಾರ್ಡ್, ಬರೀ 1,000 ಪ್ರತಿ.

ಆಮೇಲೆ ಅದು ಎಲ್ಲೂ ಸಿಗುತ್ತಿರಲಿಲ್ಲ. ಅಂಗಡಿಯಲ್ಲಿ ಮತ್ತೆ ಸಿಕ್ಕಿದ್ದು 1999ರಲ್ಲಿ, ಮರುಮುದ್ರಣ ಆದ ಮೇಲೆಯೇ. ನಡುವಿನ ಮೂರು ವರ್ಷ ಜನ ಕ್ಯಾಸೆಟ್‌ಗೆ ಇಳಿಸಿಕೊಂಡು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಮೊದಲ ಪ್ರತಿ ಇಟ್ಟುಕೊಂಡವರು ಅದನ್ನು ನೂರಾರು ಪೌಂಡ್‌ಗೆ ಮಾರಿದ್ದೂ ಇದೆ.

ಇದನ್ನೆಲ್ಲ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ವಿಷಯ. ಮರ್ಡಾಕ್ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅವರಿಗೆ ಎಂಇ ಅನ್ನುವ ಕಾಯಿಲೆ ಬಂದಿತ್ತು. ಎಷ್ಟು ಮಲಗಿದರೂ ಹೋಗದ ಸುಸ್ತು. ಓದು ನಿಂತಿತು, ಕೆಲಸ ಮಾಡಲು ಆಗಲಿಲ್ಲ. ಹೆಚ್ಚುಕಡಿಮೆ ಏಳು ವರ್ಷ. ಅವರು ಹಾಡು ಬರೆಯಲು ಶುರು ಮಾಡಿದ್ದು ಆ ಏಳು ವರ್ಷದಲ್ಲಿ. ಸ್ವಲ್ಪ ಸುಧಾರಿಸಿದ ಮೇಲೆ ಒಂದು ಚರ್ಚಿನ ಸಭಾಂಗಣ ನೋಡಿಕೊಳ್ಳುವ ಕೆಲಸ ಹಿಡಿದು, ಅದರ ಮೇಲಿನ ಮನೆಯಲ್ಲೇ ಇದ್ದರು. ಅವರ ಹಾಡುಗಳಲ್ಲಿ ಚರ್ಚು, ಬಸ್ಸು, ಶಾಲೆ, ಕೆಲಸಕ್ಕೆ ಹೋಗಲು ಮನಸ್ಸಿಲ್ಲದ ಹುಡುಗಿಯರು, ಓಡುವ ಹುಡುಗರು ಮತ್ತೆ ಮತ್ತೆ ಬರುವುದು ಯಾಕೆ ಅಂತ ಆಗ ಅರ್ಥವಾಯಿತು. ಕಿಟಕಿ ಪಕ್ಕ ಕೂತು ಊರು ನೋಡಿದವರ ಹಾಡುಗಳು ಅವು. ಚಾಪೆಯ ಮೇಲೆ ಮಲಗಿ ಬೀದಿಯಲ್ಲಿ ಹೋಗುವ ಗಾಡಿಗಳ ಸದ್ದು ಎಣಿಸುತ್ತಿದ್ದ ನನಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಅದೇ 1996ರ ನವೆಂಬರ್‌ನಲ್ಲಿ ಎರಡನೇ ಆಲ್ಬಂ 'ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್' ಬಂತು, ಈ ಸಲ ಜೀಪ್‌ಸ್ಟರ್ ಅನ್ನುವ ಲೇಬಲ್‌ನಿಂದ. ಕೆಂಪು ಬಣ್ಣದ ಮುಖಪುಟ. ಇವರ ಮುಖಪುಟಗಳೇ ಹಾಗೆ, ಒಂದು ಫೋಟೋ, ಅದಕ್ಕೆ ಒಂದೇ ಬಣ್ಣ. ಇವರ ಆಲ್ಬಂಗಳಲ್ಲಿ ಯಾವುದು ಚೆನ್ನಾಗಿದೆ ಅಂತ ಕೇಳಿದರೆ ಜಾಸ್ತಿ ಜನ ಇದನ್ನೇ ಹೇಳುತ್ತಾರೆ. ನಾನೂ ಇದನ್ನೇ ಹೇಳುತ್ತೇನೆ. ಆದರೆ ಮರ್ಡಾಕ್‌ಗೆ ಹಾಡುಗಳ ಮೇಲೆ ನಂಬಿಕೆ ಇತ್ತು, ರೆಕಾರ್ಡಿಂಗ್ ಮೇಲೆ ಇರಲಿಲ್ಲ. ಹಾಗಾಗಿ 2005ರಲ್ಲಿ ಲಂಡನ್ನಿನ ಬಾರ್ಬಿಕನ್ ಸಭಾಂಗಣದಲ್ಲಿ ಇಡೀ ಆಲ್ಬಂ ಅನ್ನು ಮೊದಲಿಂದ ಕೊನೆಯವರೆಗೆ ವೇದಿಕೆ ಮೇಲೆ ನುಡಿಸಿ, ಅದನ್ನೂ ಬಿಡುಗಡೆ ಮಾಡಿದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. 1996ರದ್ದರಲ್ಲಿ ವಾದ್ಯಗಳು ಸ್ವಲ್ಪ ದೂರದಲ್ಲಿ, ಗೋಡೆಯ ಆಚೆ ಇದ್ದ ಹಾಗೆ ಕೇಳಿಸುತ್ತವೆ. ಬಾರ್ಬಿಕನ್‌ನಲ್ಲಿ ಎಲ್ಲವೂ ಗಟ್ಟಿ, ಎಲ್ಲವೂ ಸ್ಪಷ್ಟ, ಒಂಬತ್ತು ವರ್ಷ ನುಡಿಸಿದ ಕೈಗಳು ಅಂತ ಗೊತ್ತಾಗುತ್ತೆ. ನನಗೆ ಆ ಗೋಡೆಯ ಆಚೆಯದ್ದೇ ಇಷ್ಟ. ಮಗಳಿಗೆ ಬಾರ್ಬಿಕನ್ ಇಷ್ಟ. ಈ ವಿಷಯಕ್ಕೆ ನಾವಿಬ್ಬರೂ ಫೋನಿನಲ್ಲಿ ಅರ್ಧ ಗಂಟೆ ಜಗಳ ಆಡಿದ್ದೇವೆ.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡ ಜಾಗಕ್ಕೆ ಬಂದೆ. 1997ರಲ್ಲಿ ಈ ಬ್ಯಾಂಡು ಆಲ್ಬಂ ತರಲಿಲ್ಲ. ಮೂರು ಇಪಿ ತಂದರು. ಇಪಿ ಅಂದರೆ ನಾಲ್ಕೈದು ಹಾಡಿನ ಚಿಕ್ಕ ರೆಕಾರ್ಡ್, ಸಿಂಗಲ್‌ಗಿಂತ ದೊಡ್ಡದು, ಆಲ್ಬಂಗಿಂತ ಚಿಕ್ಕದು. ಬೇರೆ ಬ್ಯಾಂಡುಗಳು ಆಲ್ಬಂನಿಂದ ಒಂದು ಹಾಡು ತೆಗೆದು, ಜೊತೆಗೆ ಉಳಿದದ್ದು ಪಳಿದದ್ದು ಸೇರಿಸಿ ಸಿಂಗಲ್ ಮಾಡುತ್ತಿದ್ದ ಕಾಲ ಅದು. ಇವರು ಹಾಗೆ ಮಾಡಲಿಲ್ಲ. ಇಪಿಗೆ ಅಂತಲೇ ಹಾಡು ಇಟ್ಟರು. ಒಂದು ಹಾಡು ಬಿಟ್ಟರೆ ಆ ಹಾಡುಗಳನ್ನು ಆಲ್ಬಂನಲ್ಲಿ ಹುಡುಕಿದರೆ ಸಿಗುವುದೇ ಇಲ್ಲ.

ಮೊದಲನೆಯದು 'ಡಾಗ್ ಆನ್ ವೀಲ್ಸ್'. ಅದರಲ್ಲಿರುವುದು 'ಟೈಗರ್‌ಮಿಲ್ಕ್'ಗೂ ಮುಂಚೆ, ಆ ತರಬೇತಿ ಕೇಂದ್ರದ ದಿನಗಳಲ್ಲಿ ಮಾಡಿಟ್ಟಿದ್ದ ರೆಕಾರ್ಡಿಂಗ್. ನಾನು ಡಬರಿಯೊಳಗಿಂದ ಕೇಳಿದ ಆ ಮೊದಲ ಹಾಡಿನ ಇನ್ನೂ ಹಳೆಯ ರೂಪ ಅಲ್ಲಿದೆ. ಅದು ಬಂದಾಗ ಚಾಪೆಯಿಂದ ಎದ್ದು ಕೂತೆ. ಚೆನ್ನಾಗಿ ಗೊತ್ತಿರುವ ಸ್ನೇಹಿತನ ಚಿಕ್ಕಂದಿನ ಫೋಟೋ ಅವನ ಮನೆಯ ಗೋಡೆ ಮೇಲೆ ನೋಡಿದ ಹಾಗಾಯಿತು. ಬ್ಯಾಂಡಿನ ಹೆಸರನ್ನೇ ಹೊತ್ತ ಹಾಡೂ ಈ ಇಪಿಯಲ್ಲೇ ಇದೆ, ಯಾವ ಆಲ್ಬಂನಲ್ಲೂ ಇಲ್ಲ. ತಮ್ಮ ಹೆಸರಿನ ಹಾಡನ್ನೇ ಚಿಕ್ಕ ರೆಕಾರ್ಡಿನಲ್ಲಿ ಇಟ್ಟವರು ಅದನ್ನು ಚಿಲ್ಲರೆ ಅಂತ ಎಣಿಸಿರಲು ಸಾಧ್ಯವಾ?

ಎರಡನೆಯದು 'ಲೇಜಿ ಲೈನ್ ಪೇಂಟರ್ ಜೇನ್'. ಹೆಸರು ಕೊಟ್ಟ ಹಾಡಿನಲ್ಲಿ ಮರ್ಡಾಕ್ ಜೊತೆ ಮೋನಿಕಾ ಕ್ವೀನ್ ಅನ್ನುವ ಗಾಯಕಿ ಹಾಡಿದ್ದಾರೆ. ಅವರು ಬ್ಯಾಂಡಿನವರಲ್ಲ, ಈ ಹಾಡಿಗೆ ಅಂತ ಬಂದವರು. ಮರ್ಡಾಕ್ ದನಿ ಮೆತ್ತಗೆ, ತಲೆ ತಗ್ಗಿಸಿ ಹಾಡಿದ ಹಾಗೆ. ಎರಡನೇ ಚರಣಕ್ಕೆ ಆ ಹೆಣ್ಣುಮಗಳ ದನಿ ಬರುತ್ತೆ ನೋಡಿ, ಇಡೀ ಕೋಣೆ ತುಂಬಿಕೊಳ್ಳುತ್ತೆ. ಮಾತು ಮುಗಿದ ಮೇಲೂ ಹಾಡು ಮುಗಿಯುವುದಿಲ್ಲ. ಆರ್ಗನ್, ಗಿಟಾರ್, ಡ್ರಮ್ ಮೂರೂ ಒಂದನ್ನೊಂದು ತಳ್ಳಿಕೊಂಡು ಏರುತ್ತಾ ಏರುತ್ತಾ ಹೋಗುತ್ತವೆ, ಈಗ ನಿಲ್ಲುತ್ತೆ ಅಂದುಕೊಂಡಲ್ಲಿ ಇನ್ನೊಂದು ಮೆಟ್ಟಿಲು ಹತ್ತುತ್ತವೆ, ಸುಮಾರು ಆರು ನಿಮಿಷದ ಹಾಡು ಹೀಗೆ ಮುಗಿಯುವ ಹೊತ್ತಿಗೆ ಕೇಳುವವರಿಗೇ ಏದುಸಿರು. ಮೊದಲ ಸಲ ಕೇಳಿದ ದಿನ ಹೊರಗೆ ಜೋರು ಮಳೆ, ಹೆಂಚಿನ ಮೇಲೆ ಸದ್ದು. ನಾನು ಫೋನನ್ನು ಡಬರಿಯಿಂದ ತೆಗೆದು ಕಿವಿಗೇ ಹಿಡಿದುಕೊಂಡೆ. ಬೆರಳು ನೋಯುತ್ತಿದ್ದದ್ದು ಹಾಡು ಮುಗಿದ ಮೇಲೆ ಗೊತ್ತಾಯಿತು.

ನನ್ನ ಲೆಕ್ಕದಲ್ಲಿ ಇವರು ಮಾಡಿದ ಅತಿ ಒಳ್ಳೆಯ ಹಾಡು ಅದು. ಯಾವ ಆಲ್ಬಂನಲ್ಲೂ ಇಲ್ಲ. ಫೋನಿನ ಆಪ್‌ನಲ್ಲಿ ಬ್ಯಾಂಡಿನ ಹೆಸರು ಒತ್ತಿದರೆ ಮೇಲೆ ಜಾಸ್ತಿ ಜನ ಕೇಳಿದ ಐದು ಹಾಡು ಬರುತ್ತವೆ, ಕೆಳಗೆ ಆಲ್ಬಂಗಳು, ಇಪಿಗಳು ಇನ್ನೂ ಕೆಳಗೆ. ಅಲ್ಲಿಯವರೆಗೆ ಬೆರಳು ಇಳಿಸುವವರು ಎಷ್ಟು ಜನ? ಹೇಳಿಕೊಡುವವರು ಒಬ್ಬರು ಬೇಕು ಅಲ್ವಾ? ನನಗೆ ಮಗಳು ಇದ್ದಳು. ಎಲ್ಲರಿಗೂ ಇರುವುದಿಲ್ಲ. ಪತ್ರಿಕೆ ಇರುತ್ತೆ.

ಅಷ್ಟೊಂದು ಚಿಕ್ಕ ರೆಕಾರ್ಡ್ ಹುಡುಕಲು ಕಷ್ಟ ಅನ್ನುವವರಿಗೆ ಒಂದು ದಾರಿ ಇದೆ. 2005ರಲ್ಲಿ ಜೀಪ್‌ಸ್ಟರ್ ಕಾಲದ ಏಳು ಚಿಕ್ಕ ರೆಕಾರ್ಡ್‌ಗಳ 25 ಹಾಡನ್ನೂ ಒಟ್ಟು ಸೇರಿಸಿ, ಬಂದ ಕ್ರಮದಲ್ಲೇ ಜೋಡಿಸಿ, 'ಪುಶ್ ಬಾರ್ಮನ್ ಟು ಓಪನ್ ಓಲ್ಡ್ ವೂಂಡ್ಸ್' ಅಂತ ಎರಡು ಸಿಡಿ ಮಾಡಿದ್ದಾರೆ. ಒಂದೇ ಒಂದು ಕೇಳುವುದಾದರೆ ಇದನ್ನೇ ಕೇಳಿ ಅಂತ ನಾನು ಅಂಗಡಿಗೆ ಬರುವ ಕಾಲೇಜು ಹುಡುಗರಿಗೆ ಹೇಳುತ್ತಿದ್ದೇನೆ. ಇಬ್ಬರು ಕೇಳಿದ್ದಾರೆ. ಒಬ್ಬ ಬಂದು ಆ ಆರು ನಿಮಿಷದ ಹಾಡಿನ ಬಗ್ಗೆ ಮಾತಾಡುತ್ತಾ ಅರ್ಧ ಗಂಟೆ ನಿಂತಿದ್ದ, ಜೆರಾಕ್ಸ್ ಮಾಡಿಸಿಕೊಳ್ಳುವುದನ್ನೇ ಮರೆತು ಹೋದ.

ಮುಂದಿನದ್ದನ್ನು ಬೇಗ ಹೇಳುತ್ತೇನೆ. 1998ರ 'ದಿ ಬಾಯ್ ವಿತ್ ದಿ ಅರಬ್ ಸ್ಟ್ರ್ಯಾಪ್', ಹಸಿರು ಮುಖಪುಟದ್ದು, ಅದರಲ್ಲಿ ಬೇರೆಯವರ ದನಿಯೂ ಮುಂದೆ ಬರುತ್ತೆ. ಚೆಲ್ಲೋ ಅನ್ನುವ ದೊಡ್ಡ ಪಿಟೀಲಿನಂಥ ವಾದ್ಯ ನುಡಿಸುವ ಇಸೊಬೆಲ್ ಕ್ಯಾಂಬೆಲ್ ಹಾಡುತ್ತಾರೆ, ಗಿಟಾರಿನ ಸ್ಟೀವಿ ಜಾಕ್ಸನ್ ಹಾಡುತ್ತಾರೆ. 1999ರಲ್ಲಿ ಬ್ರಿಟನ್ನಿನ ಸಂಗೀತಗಾರರಿಗೆ ಕೊಡುವ ಬ್ರಿಟ್ ಪ್ರಶಸ್ತಿಯಲ್ಲಿ ಹೊಸಬರ ವಿಭಾಗದ ಗೆಲುವು ಇವರದ್ದಾಯಿತು. ಆ ಹೊತ್ತಿಗೆ ಇವರು ಪತ್ರಿಕೆಗಳಿಗೆ ಸಂದರ್ಶನ ಕೊಟ್ಟಿದ್ದೇ ಅಪರೂಪ. 2000ರಲ್ಲಿ ಸ್ಟುವರ್ಟ್ ಡೇವಿಡ್ ಬಿಟ್ಟು ಹೋದರು, 2002ರಲ್ಲಿ ಇಸೊಬೆಲ್ ಕೂಡ. ಅದೇ ವರ್ಷ ಒಂದು ಸಿನಿಮಾಗೆ ಮಾಡಿದ 'ಸ್ಟೋರಿಟೆಲ್ಲಿಂಗ್' ಬಂತು, ಸಿನಿಮಾದವರು ಅದರಲ್ಲಿ ಸ್ವಲ್ಪವೇ ಬಳಸಿಕೊಂಡರು. ನನಗೆ ಅದು ಹಿಡಿಸಲಿಲ್ಲ. ತುಂಡು ತುಂಡಾಗಿದೆ. ಆದರೂ ಬಿಡದೆ ಕೇಳಿದೆ, ಯಾಕೆಂದರೆ ಅದನ್ನು ಕೇಳದೆ ಅದರ ಮುಂದಿನದ್ದಕ್ಕೆ ಹೋಗಿದ್ದರೆ ಅದರ ಹೊಳಪು ಅಷ್ಟು ತಟ್ಟುತ್ತಿರಲಿಲ್ಲ.

ಮುಂದಿನದ್ದು 2003ರ 'ಡಿಯರ್ ಕೆಟಾಸ್ಟ್ರಫಿ ವೇಟ್ರೆಸ್'. ಲೇಬಲ್ ಬದಲಾಗಿ ರಫ್ ಟ್ರೇಡ್ ಆಯಿತು. ಪ್ರೊಡ್ಯೂಸರ್, ಅಂದರೆ ಮುಂದೆ ನಿಂತು ರೆಕಾರ್ಡಿಂಗ್ ಮಾಡಿಸಿದವರು, ಟ್ರೆವರ್ ಹಾರ್ನ್, 1980ರ ದಶಕದ ದೊಡ್ಡ ದೊಡ್ಡ ಪಾಪ್ ಹಾಡುಗಳ ಹಿಂದಿದ್ದವರು. ಚರ್ಚಿನ ಮೇಲಿನ ಮನೆಯಲ್ಲಿ ಮೆಲ್ಲಗೆ ಹಾಡುತ್ತಿದ್ದವರು ಇಲ್ಲಿ ಹಬ್ಬಕ್ಕೆ ಹೊಸ ಅಂಗಿ ಹಾಕಿಕೊಂಡು ಬೀದಿಗೆ ಇಳಿದಿದ್ದಾರೆ. ಕಹಳೆ, ತಂತಿವಾದ್ಯ, ಚಪ್ಪಾಳೆ, ಎಲ್ಲ ಇದೆ. ಮೊದಲ ಸಲ ಕೇಳಿದಾಗ ನಾನು ಎರಡು ಹಾಡಿಗೇ ನಿಲ್ಲಿಸಿಬಿಟ್ಟೆ, ಇದು ನನ್ನ ಬ್ಯಾಂಡ್ ಅಲ್ಲ ಅನ್ನಿಸಿತು. ಮೂರು ದಿನ ಬಿಟ್ಟು ಮತ್ತೆ ಹಾಕಿದೆ. ಆಗ ಕೇಳಿಸಿತು, ಸಾಲುಗಳು ಅದೇ, ಆ ಹುಡುಗ ಹುಡುಗಿಯರು ಅವರೇ, ಬೆಳಕು ಮಾತ್ರ ಜಾಸ್ತಿ. ಕ್ರಮ ಬಿಟ್ಟು ಮೊದಲು ಇದನ್ನೇ ಕೇಳಿದ್ದರೆ ಖುಷಿಯ ಪಾಪ್ ಅಂತ ಕೇಳಿ ಮುಂದೆ ಹೋಗುತ್ತಿದ್ದೆ. ಇವರಿಗೆ ಆ ಖುಷಿ ಎಷ್ಟು ದೂರದಿಂದ ಬಂತು ಅಂತ ನನಗೆ ಹೇಗೆ ಗೊತ್ತಾಗುತ್ತಿತ್ತು?

2015ರ ಆಲ್ಬಂ 'ಗರ್ಲ್ಸ್ ಇನ್ ಪೀಸ್‌ಟೈಮ್ ವಾಂಟ್ ಟು ಡ್ಯಾನ್ಸ್' ಹತ್ತಿರ ಬರುವ ಹೊತ್ತಿಗೆ ನನ್ನ ನಾಲ್ಕನೇ ತಿಂಗಳು ಮುಗಿಯುತ್ತಾ ಬಂದಿತ್ತು. ಒಂದೇ ಕೈಯಲ್ಲಿ ಲೋಟ ಹಿಡಿಯುತ್ತಿದ್ದೆ. ಅದರ ಮೊದಲ ಹಾಡು 'ನೋಬಡೀಸ್ ಎಂಪೈರ್'. ಮರ್ಡಾಕ್ ತಮ್ಮ ಕಾಯಿಲೆಯ ದಿನಗಳ ಬಗ್ಗೆ ನೇರವಾಗಿ ಬರೆದ ಹಾಡು ಅದು. ಹಾಸಿಗೆ, ಬಲವಿಲ್ಲದ ಮೈ, ಆ ಕಷ್ಟದಲ್ಲಿ ಜೊತೆಗಿದ್ದ ಗೆಳತಿ. ಆ ದಿನಗಳು ಮುಗಿದು ಇಪ್ಪತ್ತು ವರ್ಷ ಕಳೆದ ಮೇಲೆ, ಇಷ್ಟೊಂದು ಆಲ್ಬಂ ಆದ ಮೇಲೆ, ಆ ಮಾತನ್ನು ಇಷ್ಟು ಬಿಚ್ಚಿ ಹೇಳಿದರು. 2024ರಲ್ಲಿ ಅದೇ ಹೆಸರಿನಲ್ಲಿ ಒಂದು ಕಾದಂಬರಿಯನ್ನೂ ಬರೆದರು. ನಾನು ರಾತ್ರಿ ಎಲ್ಲರೂ ಮಲಗಿದ ಮೇಲೆ, ಸದ್ದು ಕಡಿಮೆ ಮಾಡಿಕೊಂಡು, ಸಾಲುಗಳನ್ನು ಫೋನಿನಲ್ಲಿ ಒಂದೊಂದಾಗಿ ಓದಿಕೊಂಡು ಆ ಹಾಡು ಕೇಳಿದೆ. ಅತ್ತೆ. ಅದನ್ನು ಬರೆಯಲು ನನಗೆ ಸಂಕೋಚ ಇಲ್ಲ. ಮೊದಲ ದಿನವೇ ಯಾರಾದರೂ ಈ ಹಾಡು ಹಾಕಿದ್ದರೆ ಒಳ್ಳೆಯ ಹಾಡು ಅನ್ನುತ್ತಿದ್ದೆ, ಅಳುತ್ತಿರಲಿಲ್ಲ. ಆ ಮನುಷ್ಯನ ಜೊತೆ ಅಷ್ಟೂ ವರ್ಷ ನಡೆದುಕೊಂಡು ಬಂದಿದ್ದೆನಲ್ಲ, ಅದಕ್ಕೆ ಬಂದ ಅಳು ಅದು.

2022ರ 'ಎ ಬಿಟ್ ಆಫ್ ಪ್ರೀವಿಯಸ್' ಬಗ್ಗೆ ಒಂದು ಮಾತು. ರೆಕಾರ್ಡಿಂಗ್‌ಗೆ ಅಮೆರಿಕಕ್ಕೆ ಹೋಗಬೇಕಿತ್ತು, ಕೊರೊನಾದಿಂದ ಹೋಗಲು ಆಗಲಿಲ್ಲ. ಗ್ಲಾಸ್ಗೋದಲ್ಲೇ, ತಾವು ಅಭ್ಯಾಸ ಮಾಡುವ ಜಾಗವನ್ನೇ ಸ್ಟುಡಿಯೋ ಮಾಡಿಕೊಂಡರು. ಊರಿನಲ್ಲಿ ಇಡೀ ಆಲ್ಬಂ ಮಾಡಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಆಗಿತ್ತು. ಕೇಳುವಾಗ ಮನೆಗೆ ಬಂದವರ ನಿರಾಳ ಕಾಣುತ್ತೆ.

ಸಂಪಾದಕರೇ, ನಾನು ಕೇಳುತ್ತಿರುವುದು ಇಷ್ಟೇ. ಹೊಸ ಹಾಡಿನ ಪಟ್ಟಿ ಇರಲಿ, ತೆಗೆಯಬೇಡಿ. ಜೊತೆಗೆ ತಿಂಗಳಿಗೆ ಒಂದು ಸಲ ಅರ್ಧ ಪುಟ ಕೊಡಿ. ಒಂದು ಬ್ಯಾಂಡು ಅಥವಾ ಒಬ್ಬ ಗಾಯಕರು, ಮೊದಲ ರೆಕಾರ್ಡಿನಿಂದ ಈವರೆಗೆ, ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಆಪ್‌ನಲ್ಲಿ ಕೆಳಗೆ ಬಿದ್ದಿದೆ, ಎಲ್ಲಿಂದ ಶುರು ಮಾಡಬೇಕು. ಇಂಗ್ಲಿಷ್ ಬ್ಯಾಂಡೇ ಆಗಬೇಕಿಲ್ಲ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂತು, ಅದಕ್ಕೂ ಮುಂಚೆ ಅಂತರಾಗ್ನಿ ಅಂತ ಅವರದೊಂದು ತಂಡ ಇತ್ತು. ನನ್ನ ಅಂಗಡಿಗೆ ಬರುವ ಹುಡುಗರಿಗೆ ಅವರ ಎರಡು ಹಾಡು ಬಾಯಿಪಾಠ, ಅಂತರಾಗ್ನಿ ಹೆಸರು ಒಬ್ಬರಿಗೂ ಗೊತ್ತಿಲ್ಲ. ಬೆಂಗಳೂರಿನ ಸ್ವರಾತ್ಮ ಬ್ಯಾಂಡಿನವರು ಇದ್ದಾರೆ. ಇನ್ನೂ ಹಿಂದೆ ಹೋದರೆ ನಮ್ಮ ಭಾವಗೀತೆಗಳಿವೆ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ನಮ್ಮನೆಯಲ್ಲಿ ಇತ್ತು. ಒಂದು ಬದಿ ಮುಗಿದರೆ ಅಪ್ಪ ಎದ್ದು ತಿರುಗಿಸಿ ಹಾಕುತ್ತಿದ್ದರು. ಮುಂದಿನ ಹಾಡು ಯಾವುದು ಅಂತ ಹಿಂದಿನದ್ದು ಮುಗಿಯುವ ಮೊದಲೇ ಮನೆಮಂದಿಗೆಲ್ಲ ಗೊತ್ತಿತ್ತು. ಹಾಗೆ ಕೇಳಿ ಬೆಳೆದ ನಾವು ಈಗ ಆಪ್ ಎಸೆದದ್ದನ್ನು ಹಿಡಿದುಕೊಂಡು ಕೂತಿದ್ದೇವೆ. ಭಾವಗೀತೆ ಕ್ಯಾಸೆಟ್‌ಗಳು ಯಾವ ಕ್ರಮದಲ್ಲಿ ಬಂದವು, ಯಾರು ಯಾರ ಕವಿತೆ ಯಾವಾಗ ಹಾಡಿದರು ಅಂತ ಗೊತ್ತಿರುವ ಹಿರಿಯರು ನಿಮ್ಮ ಓದುಗರಲ್ಲೇ ಇದ್ದಾರೆ. ಅವರ ಹತ್ತಿರ ಬರೆಸಿ. ಟೈಪ್ ಮಾಡಿಕೊಡುವುದು ಬೇಕಿದ್ದರೆ ನಾನು ದುಡ್ಡು ತೆಗೆದುಕೊಳ್ಳದೆ ಮಾಡಿಕೊಡುತ್ತೇನೆ, ಬೆರಳು ಈಗ ಸರಿಯಾಗಿವೆ.

ಬೆಲ್ ಅಂಡ್ ಸೆಬಾಸ್ಟಿಯನ್‌ದು ಒಂದು ಆಲ್ಬಂ ಮಾತ್ರ ಇನ್ನೂ ಕೇಳಿಲ್ಲ. 2023ರ ಜನವರಿಯಲ್ಲಿ ಬಂದ 'ಲೇಟ್ ಡೆವಲಪರ್ಸ್'. ದೀಪಾವಳಿಗೆ ಮಗಳು ಬರುತ್ತಾಳೆ, ಜೊತೆಗೆ ಕೂತು ಕೇಳೋಣ ಅಂತ ಹಾಗೇ ಇಟ್ಟುಕೊಂಡಿದ್ದೇನೆ.

ಇಂತಿ,
ನಿಮ್ಮ ಹಳೆಯ ಓದುಗ,
ಶಿವಮೊಗ್ಗ